ಕರ್ಮವೀರ ಭಾವುರಾವ ಪಾಟೀಲರು: ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಜೈನ ಶಿಕ್ಷಣವೀರ

ಸಾತಾರಾ, ಸಾಂಗಲಿ, ಕೊಲ್ಲಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಓಡಾಡಿದವರಿಗೆ ಆಲದ ಮರದ ಚಿಹ್ನೆಯಿರುವ ಶಾಲೆಗಳ ಪರಿಚಯ ಇದ್ದೇ ಇರುತ್ತದೆ. ಅವು ರಯತ ಶಿಕ್ಷಣ ಸಂಸ್ಥೆಯ ಶಾಲೆಗಳು. 700ಕ್ಕೂ ಹೆಚ್ಚು ಶಾಖೆಗಳಿರುವ ಈ ಸಂಸ್ಥೆಯನ್ನು ಸ್ಥಾಪಿಸಿದವರು ಮೆಟ್ರಿಕ್ ಕೂಡ ಪಾಸಾಗದ ಒಬ್ಬ ದಿಗಂಬರ ಜೈನ ಶ್ರಾವಕರು. ಅವರೇ ಪದ್ಮಭೂಷಣ ಡಾ. ಕರ್ಮವೀರ ಭಾವುರಾವ ಪಾಟೀಲರು. ಜನರು ಅವರನ್ನು ಪ್ರೀತಿಯಿಂದ ಅಣ್ಣಾ ಎಂದು ಕರೆಯುತ್ತಿದ್ದರು.

ಶಾಲೆ ತೆರೆದವರು ನಮ್ಮ ದೇಶದಲ್ಲಿ ಬಹಳ ಮಂದಿ ಇದ್ದಾರೆ. ಅಣ್ಣಾ ಅವರ ವಿಶೇಷ ಬೇರೆ ಇದೆ. ಹುಡುಗರು ಯಾರ ಪಕ್ಕ ಕೂತು ಉಣ್ಣುತ್ತಾರೆ, ಆ ಅಡಿಗೆಯನ್ನು ಯಾರು ಮಾಡುತ್ತಾರೆ, ಅದರ ಖರ್ಚು ಎಲ್ಲಿಂದ ಬರುತ್ತದೆ ಎಂಬ ಮೂರು ವಿಷಯ ಸರಿಯಾಗದೆ ಬಡವರ ಮನೆಗೆ ವಿದ್ಯೆ ಬರುವುದಿಲ್ಲ ಎಂದು ಅವರು ಕಂಡುಕೊಂಡಿದ್ದರು. ತಮ್ಮ ಆಯುಷ್ಯವನ್ನೆಲ್ಲ ಈ ಮೂರನ್ನು ಸರಿಪಡಿಸುವುದಕ್ಕೆ ಕೊಟ್ಟರು.

ಮೂಡಬಿದಿರೆ ಮೂಲದ ಮನೆತನ

ಭಾವುರಾವ ಪಾಯಗೌಡ ಪಾಟೀಲರು 1887ರ ಸೆಪ್ಟೆಂಬರ್ 22ರಂದು ಕೊಲ್ಲಾಪುರ ಜಿಲ್ಲೆಯ ಕುಂಭೋಜದಲ್ಲಿ ಜನಿಸಿದರು. ಬಾಹುಬಲಿ ಕ್ಷೇತ್ರಕ್ಕೆ ಹತ್ತಿರದ ಈ ಊರು ಕರ್ನಾಟಕದ ಜೈನ ಯಾತ್ರಿಕರಿಗೆ ಹೊಸದಲ್ಲ. ತಂದೆ ಪಾಯಗೌಡರು, ತಾಯಿ ಗಂಗಾಬಾಯಿ. ಮನೆತನದ ಊರು ಸಾಂಗಲಿ ಜಿಲ್ಲೆಯ ಐತವಡೆ ಬುದ್ರುಕ. ಅದಕ್ಕೂ ಹಿಂದಿನ ಮೂಲ ನಮ್ಮ ಮೂಡಬಿದಿರೆ. ಅಲ್ಲಿಂದ ಉತ್ತರಕ್ಕೆ ಹೋಗಿ ನೆಲೆಸಿದ ಕುಟುಂಬ ಇದು. ಕರ್ನಾಟಕದ ಜೈನ ಬಾಂಧವರು ಅಣ್ಣಾ ಅವರನ್ನು ತಮ್ಮವರೆಂದು ಹೇಳಿಕೊಳ್ಳಲು ಈ ಒಂದು ನಂಟೇ ಸಾಕು.

ತಂದೆಯವರು ಸರಕಾರಿ ನೌಕರಿಯಲ್ಲಿದ್ದುದರಿಂದ ಊರಿಂದೂರಿಗೆ ವರ್ಗವಾಗುತ್ತಿತ್ತು. ಹುಡುಗನ ಓದು ಒಂದೇ ಕಡೆ ನಿಲ್ಲಲಿಲ್ಲ. ಮೈಕಟ್ಟು ಗಟ್ಟಿ, ಸ್ವಭಾವ ಹಟಮಾರಿ. ದಲಿತ ಹುಡುಗರಿಗೆ ಬಾವಿಯ ನೀರು ಮುಟ್ಟಲು ಬಿಡದಿದ್ದುದನ್ನು ಕಂಡು ಸಿಟ್ಟಿನಿಂದ ಆ ಬಾವಿಯ ರಾಟೆಯನ್ನೇ ಮುರಿದು ಹಾಕಿದ ಸಂಗತಿಯನ್ನು ಅವರ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಬಾಲ್ಯದ ಈ ಸಿಟ್ಟು ವಯಸ್ಸಾದ ಮೇಲೂ ಆರಲಿಲ್ಲ. ಆದರೆ ಮುರಿಯುವ ಕೆಲಸ ಬಿಟ್ಟು ಕಟ್ಟುವ ಕೆಲಸಕ್ಕೆ ತಿರುಗಿತು.

ಕೊಲ್ಲಾಪುರದ ಜೈನ ಬೋರ್ಡಿಂಗ್

ಮುಂದಿನ ಓದಿಗಾಗಿ ಭಾವುರಾವರು ಕೊಲ್ಲಾಪುರದ ರಾಜಾರಾಮ ಹೈಸ್ಕೂಲು ಸೇರಿ, ಅಲ್ಲಿನ ದಿಗಂಬರ ಜೈನ ಬೋರ್ಡಿಂಗಿನಲ್ಲಿ ಉಳಿದರು. ಆಗ ಕೊಲ್ಲಾಪುರವನ್ನು ಆಳುತ್ತಿದ್ದವರು ಛತ್ರಪತಿ ಶಾಹು ಮಹಾರಾಜರು. ಹಳ್ಳಿಯ ಹುಡುಗರು ಪಟ್ಟಣಕ್ಕೆ ಬಂದು ಓದಬೇಕಾದರೆ ಮೊದಲು ಊಟ, ವಸತಿ ಬೇಕು ಎಂದು ತಿಳಿದು ಮಹಾರಾಜರು ಮರಾಠ, ಜೈನ, ಲಿಂಗಾಯತ, ಮುಸ್ಲಿಂ ಮುಂತಾದ ಸಮಾಜಗಳ ವಿದ್ಯಾರ್ಥಿ ನಿಲಯಗಳಿಗೆ ನೆರವು ನೀಡಿದ್ದರು. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಉಣ್ಣದ ಕಾಲ ಅದು. ಒಂದೊಂದು ಸಮಾಜಕ್ಕೆ ಒಂದೊಂದು ನಿಲಯ ಎಂಬ ವ್ಯವಸ್ಥೆಯೇ ಆಗ ಬಹಳ ದೊಡ್ಡ ಹೆಜ್ಜೆ.

1908ರಲ್ಲಿ ಅಸ್ಪೃಶ್ಯರೆನಿಸಿದ ಹುಡುಗರಿಗಾಗಿ ಕೊಲ್ಲಾಪುರದಲ್ಲಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಪ್ರಾರಂಭವಾಯಿತು. ಅದರ ಸಮಾರಂಭಕ್ಕೆ ಭಾವುರಾವರೂ ಹೋಗಿಬಂದರು. ಹಿಂತಿರುಗಿದಾಗ ಸ್ನಾನ ಮಾಡಿ ಶುದ್ಧನಾಗಿ ಊಟಕ್ಕೆ ಬರಬೇಕೆಂದು ಬೋರ್ಡಿಂಗಿನಲ್ಲಿ ಅಪ್ಪಣೆಯಾಯಿತು. ಮನುಷ್ಯರ ನಡುವೆ ಕೂತು ಬಂದವನಿಗೆ ಶುದ್ಧಿಯ ಅಗತ್ಯವೇನು ಎಂದು ಅವರು ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಗೆ ಹಾಕಲಾಯಿತು. ಆಗ ಅದರ ಮೇಲ್ವಿಚಾರಣೆ ಇದ್ದುದು ಅಣ್ಣಾಸಾಹೇಬ ಲಠ್ಠೆಯವರ ಕೈಯಲ್ಲಿ. ಲಠ್ಠೆಯವರು ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಹಿರಿಯ ನಾಯಕರು, ಮುಂದೆ 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಗಳಾದವರು, ಬೆಳಗಾವಿಯ ಜೈನರಿಗೂ ಚೆನ್ನಾಗಿ ಪರಿಚಿತರು.

ಶಾಹು ಮಹಾರಾಜರು ಭಾವುರಾವರಿಗೆ ಆಶ್ರಯ ಕೊಟ್ಟರು. ಆದರೂ ಓದು ಮೆಟ್ರಿಕ್ ದಾಟಲಿಲ್ಲ. ಸ್ವಂತ ಸಮಾಜದ ವಿದ್ಯಾರ್ಥಿ ನಿಲಯದಿಂದಲೇ ಹೊರಬಿದ್ದ ಈ ಹುಡುಗ ಮುಂದೆ ನೂರಾರು ಮಕ್ಕಳಿಗೆ ವಿದ್ಯಾರ್ಥಿ ನಿಲಯ ಕಟ್ಟಿದ.

ಸುಳ್ಳು ಸಾಕ್ಷಿ ಹೇಳಲಿಲ್ಲ

1914ರ ಸುಮಾರಿಗೆ ಕೊಲ್ಲಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಶಯ ಲಠ್ಠೆಯವರ ಮೇಲೆ ಬಂತು. ಲಠ್ಠೆಯವರ ವಿರುದ್ಧ ಸಾಕ್ಷಿ ಹೇಳು ಎಂದು ಭಾವುರಾವರನ್ನು ಒತ್ತಾಯಿಸಲಾಯಿತು. ತಮ್ಮನ್ನು ಬೋರ್ಡಿಂಗಿನಿಂದ ಹೊರಗೆ ಕಳಿಸಿದ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳಲು ಬೇರೆಯವರಿಗಾದರೆ ಅದು ಒಳ್ಳೆಯ ಸಮಯವೇ ಆಗಿತ್ತು. ಭಾವುರಾವರು ಬಾಯಿ ಬಿಡಲಿಲ್ಲ. ಸೆರೆಮನೆ ಕಂಡರು, ಹಿಂಸೆ ಅನುಭವಿಸಿದರು, ಸುಳ್ಳು ಮಾತ್ರ ಹೇಳಲಿಲ್ಲ.

ಸತ್ಯಾಣುವ್ರತದ ಬಗ್ಗೆ ಪ್ರವಚನಗಳಲ್ಲಿ ನಾವು ಕೇಳುತ್ತೇವೆ. ಸುಳ್ಳಿನಿಂದ ತನಗೆ ಲಾಭವಿದ್ದಾಗ, ಅದೂ ತನಗೆ ನೋವು ಕೊಟ್ಟವರ ವಿಷಯದಲ್ಲಿ ಹೇಳಬೇಕಾದಾಗ, ಆ ವ್ರತದ ನಿಜವಾದ ಪರೀಕ್ಷೆಯಾಗುತ್ತದೆ. ಬೋರ್ಡಿಂಗಿನ ಶುದ್ಧಿಯ ನಿಯಮ ಒಪ್ಪದ ಭಾವುರಾವರು ಧರ್ಮದ ಈ ನಿಯಮವನ್ನು ಬಿಡಲಿಲ್ಲ.

ನೇಗಿಲು ಮಾರುತ್ತ ಹಳ್ಳಿ ತಿಳಿದುಕೊಂಡದ್ದು

ಹೊಟ್ಟೆಪಾಡಿಗಾಗಿ ಭಾವುರಾವರು ಸಾತಾರಾದಲ್ಲಿ ಹುಡುಗರಿಗೆ ಮನೆಪಾಠ ಹೇಳಿದರು. ಜನ ಪಾಟೀಲ ಮಾಸ್ತರ ಎಂದು ಕರೆಯತೊಡಗಿದರು. ಆಮೇಲೆ ಓಗಲೆ ಗಾಜಿನ ಕಾರ್ಖಾನೆಯ ಸಾಮಾನುಗಳನ್ನೂ ಕಿರ್ಲೋಸ್ಕರರ ಕಬ್ಬಿಣದ ನೇಗಿಲುಗಳನ್ನೂ ಮಾರುವ ಪ್ರತಿನಿಧಿಯಾಗಿ ಹಳ್ಳಿ ಹಳ್ಳಿ ಸುತ್ತಿದರು. ಸಾತಾರಾದ ಕೂಪರ್ ಕಾರ್ಖಾನೆಯಲ್ಲೂ ಕೆಲಸ ಮಾಡಿದರು.

ವ್ಯಾಪಾರದ ಈ ತಿರುಗಾಟ ವ್ಯರ್ಥವಾಗಲಿಲ್ಲ. ನೇಗಿಲು ಮಾರುವವನು ರೈತನ ಕಟ್ಟೆಯ ಮೇಲೆ ಕೂತು ಮಾತಾಡಬೇಕು, ಬೆಳೆ ಹೇಗಿದೆ, ಸಾಲ ಎಷ್ಟಿದೆ ಎಂದು ತಿಳಿದುಕೊಳ್ಳಬೇಕು. ಹಾಗೆ ಕೂತಾಗ ಆ ಮನೆಯ ಮಕ್ಕಳು ದನ ಕಾಯುತ್ತಿರುವುದೂ ಕಣ್ಣಿಗೆ ಬೀಳುತ್ತದೆ. ಮಗನನ್ನು ಶಾಲೆಗೆ ಕಳಿಸಿದರೆ ಹೊಲದ ಒಂದು ಆಳು ಕಡಿಮೆಯಾಗುತ್ತದೆ, ಪಟ್ಟಣದಲ್ಲಿ ಅವನ ಊಟಕ್ಕೆ ಹಣ ಬೇಕಾಗುತ್ತದೆ. ಶಾಲೆಯ ಫೀಸು ಮಾಫಿ ಮಾಡಿದರೂ ಈ ಲೆಕ್ಕ ಕೂಡುವುದಿಲ್ಲ. ಮುಂದೆ ಅಣ್ಣಾ ಮಾಡಿದ ಎಲ್ಲ ಸುಧಾರಣೆಗಳ ಬುಡದಲ್ಲಿ ರೈತನ ಮನೆಯ ಈ ಲೆಕ್ಕವೇ ಇದೆ.

ದೂಧಗಾಂವದಿಂದ ಕಾಲೆಯವರೆಗೆ

ಇದಕ್ಕೂ ಮೊದಲೇ, 1910ರ ಹೊತ್ತಿಗೆ, ಸಾಂಗಲಿ ಭಾಗದ ದೂಧಗಾಂವದಲ್ಲಿ ಗೆಳೆಯರ ಜೊತೆ ಸೇರಿ ಅವರು ಒಂದು ವಿದ್ಯಾರ್ಥಿ ಆಶ್ರಮ ತೆರೆದಿದ್ದರು. ಬೇರೆ ಬೇರೆ ಜಾತಿಯ ಹುಡುಗರನ್ನು ಒಂದೇ ಕಡೆ ಇಟ್ಟುಕೊಳ್ಳುವ ಮೊದಲ ಪ್ರಯತ್ನ ಅದು. ದೊಡ್ಡ ದಾನಿಗಳು ಇರಲಿಲ್ಲ. ಮನೆ ಮನೆಯಿಂದ ಕೂಡಿಸಿದ ಹಿಡಿ ಧಾನ್ಯದಿಂದ ಆಶ್ರಮದ ಒಲೆ ಉರಿಯುತ್ತಿತ್ತು.

1919ರ ಅಕ್ಟೋಬರ್ 4ರಂದು, ವಿಜಯದಶಮಿಯ ದಿನ, ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು. ಮಹಾತ್ಮ ಜ್ಯೋತಿಬಾ ಫುಲೆಯವರ ಸತ್ಯಶೋಧಕ ವಿಚಾರಗಳ ಪ್ರಭಾವ ಅಣ್ಣಾ ಅವರ ಮೇಲೆ ಬಹಳವಾಗಿತ್ತು. ರಯತ ಎಂದರೆ ಪ್ರಜೆ, ರೈತ. ಸಂಸ್ಥೆಗೆ ಯಾವುದೇ ಜಾತಿಯ ಹೆಸರು ಇಡದೆ ಈ ಹೆಸರು ಇಟ್ಟರು. ಆಲದ ಮರ ಅದರ ಗುರುತಾಯಿತು. ಬಿಳಲು ಇಳಿದು ಬೇರಾಗಿ, ಬೇರಿನಿಂದ ಮತ್ತೆ ಮರವಾಗುವಂತೆ ಇಲ್ಲಿ ಕಲಿತ ಹುಡುಗನೇ ಮುಂದೆ ಇನ್ನೊಂದು ಶಾಲೆಗೆ ಆಧಾರವಾಗಬೇಕು ಎಂಬುದು ಅದರ ಅರ್ಥ.

ಸಾತಾರಾದ ವಿದ್ಯಾರ್ಥಿ ನಿಲಯ

1924ರಲ್ಲಿ ಸಂಸ್ಥೆ ಸಾತಾರಾಕ್ಕೆ ಬಂತು. ಅಲ್ಲಿ ಕೆಲವೇ ಹುಡುಗರಿಂದ ವಿದ್ಯಾರ್ಥಿ ನಿಲಯ ಪ್ರಾರಂಭವಾಯಿತು. ಶಾಹು ಮಹಾರಾಜರ ಕಾಲದಲ್ಲಿ ಒಂದೊಂದು ಸಮಾಜಕ್ಕೆ ಒಂದೊಂದು ನಿಲಯವಿತ್ತು. ಅಣ್ಣಾ ಅದರ ಮುಂದಿನ ಹೆಜ್ಜೆ ಇಟ್ಟರು. ಮರಾಠ, ಜೈನ, ಮುಸ್ಲಿಂ, ಮಹಾರ, ಮಾಂಗ ಎನ್ನದೆ ಎಲ್ಲರಿಗೂ ಒಂದೇ ಸೂರು, ಒಂದೇ ಒಲೆ, ಒಂದೇ ಪಂಕ್ತಿ.

ಇಲ್ಲಿನ ದಿನಚರಿ ಬೇರೆ ಬೋರ್ಡಿಂಗುಗಳ ಹಾಗಿರಲಿಲ್ಲ. ಅಡಿಗೆ ಮಾಡುವುದು, ನೀರು ತರುವುದು, ಕಟ್ಟಿಗೆ ಒಡೆಯುವುದು, ಕಸ ಗುಡಿಸುವುದು, ತರಕಾರಿ ಬೆಳೆಯುವುದು ಎಲ್ಲವೂ ಹುಡುಗರದೇ ಕೆಲಸ. ಖರ್ಚು ಉಳಿಯಲಿ ಎಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಅದಕ್ಕಿಂತ ದೊಡ್ಡದು. ಮಹಾರ ಹುಡುಗ ತಂದ ನೀರಿನಲ್ಲಿ ಮರಾಠ ಹುಡುಗ ಅಡಿಗೆ ಮಾಡಿದರೆ, ಅದನ್ನು ಜೈನ ಹುಡುಗ ಬಡಿಸಿ ಎಲ್ಲರೂ ಕೂತು ಉಂಡರೆ, ಅಸ್ಪೃಶ್ಯತೆಯ ಬಗ್ಗೆ ಭಾಷಣ ಮಾಡುವ ಅವಶ್ಯಕತೆಯೇ ಬೀಳುವುದಿಲ್ಲ. ಮನೆಯಿಂದ ಬಂದಾಗ ಮನಸ್ಸಿನಲ್ಲಿದ್ದ ಮೈಲಿಗೆ ಕೆಲವು ತಿಂಗಳ ಊಟದಲ್ಲಿ ತಾನಾಗಿ ಕರಗುತ್ತಿತ್ತು.

1927ರ ಫೆಬ್ರವರಿ 25ರಂದು ಮಹಾತ್ಮ ಗಾಂಧೀಜಿಯವರು ಈ ನಿಲಯಕ್ಕೆ ಬಂದರು. ಅವರ ಹಸ್ತದಿಂದಲೇ ಅದಕ್ಕೆ ಶ್ರೀ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂಬ ನಾಮಕರಣವಾಯಿತು. ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ದುಡಿದು ಉಣ್ಣುವುದನ್ನು ಕಂಡು ಗಾಂಧೀಜಿ ಬಹಳ ಸಂತೋಷಪಟ್ಟರು. ಮುಂದೆ ಹರಿಜನ ಸೇವಕ ಸಂಘದಿಂದ ವರ್ಷಕ್ಕೆ 500 ರೂಪಾಯಿ ನೆರವು ಸಿಗುವಂತಾಯಿತು. ಸಾತಾರಾದ ಧನಿಣೀಚೀ ಬಾಗ್ ಎಂಬ ತೋಟ ಈ ನಿಲಯದ ನೆಲೆಯಾಗಿ ಪ್ರಸಿದ್ಧವಾಯಿತು. 1932ರಲ್ಲಿ ಪುಣೆ ಒಪ್ಪಂದವಾದ ಬಳಿಕ ಸವರ್ಣ ಮತ್ತು ದಲಿತ ವಿದ್ಯಾರ್ಥಿಗಳು ಕೂಡಿ ಬಾಳಲೆಂದು ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಹೌಸ್ ತೆರೆದರು.

ಮಾತೆ ಲಕ್ಷ್ಮೀಬಾಯಿಯವರ ತ್ಯಾಗ

ಈ ಚರಿತ್ರೆಯಲ್ಲಿ ಅರ್ಧ ಪಾಲು ಅಣ್ಣಾ ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರಿಗೆ ಸೇರಬೇಕು. ವಿದ್ಯಾರ್ಥಿಗಳ ಬಾಯಲ್ಲಿ ಅವರು ವಹಿನಿ, ಅಂದರೆ ಅತ್ತಿಗೆ. ಅವರು ಅನುಕೂಲಸ್ಥ ಜೈನ ಮನೆತನದಲ್ಲಿ ಹುಟ್ಟಿ, ಮಡಿ ಮೈಲಿಗೆಯ ಆಚಾರದಲ್ಲಿ ಬೆಳೆದವರು. ಗಂಡ ಕರೆತಂದ ಎಲ್ಲ ಜಾತಿಯ ಮಕ್ಕಳನ್ನು ತಮ್ಮ ಅಡಿಗೆ ಮನೆಯೊಳಗೆ ಬಿಟ್ಟುಕೊಳ್ಳುವುದು ಅಂಥ ಹೆಣ್ಣುಮಗಳಿಗೆ ಎಷ್ಟು ಕಷ್ಟವಾಗಿದ್ದಿರಬೇಕು ಎಂಬುದನ್ನು ನಮ್ಮ ಹಿರಿಯ ಶ್ರಾವಿಕೆಯರು ಚೆನ್ನಾಗಿ ಬಲ್ಲರು. ಅಣ್ಣಾ ಹೊರಗೆ ನಿಂತು ತತ್ವ ಹೇಳಬಹುದಿತ್ತು. ಆ ತತ್ವವನ್ನು ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ನಡೆಸಬೇಕಾದವರು ಲಕ್ಷ್ಮೀಬಾಯಿ. ಹುಟ್ಟಿನಿಂದ ಬಂದ ಆಚಾರವನ್ನು ದಾಟಿ ಅವರು ಆ ಮಕ್ಕಳಿಗೆಲ್ಲ ತಾಯಿಯಾದರು. ಕಾಯಿಲೆ ಬಿದ್ದ ಹುಡುಗರ ಆರೈಕೆ ಮಾಡಿದರು.

ಮಕ್ಕಳ ಸಂಖ್ಯೆ ಹೆಚ್ಚಿದಂತೆ ಧಾನ್ಯದ ಚಿಂತೆಯೂ ಹೆಚ್ಚಿತು. ತವರಿನಿಂದ ತಂದ ಬಂಗಾರ ಒಂದೊಂದಾಗಿ ಹೋಯಿತು. ಒಂದು ದಿನ ಅಣ್ಣಾ ಊರಲ್ಲಿ ಇಲ್ಲದಾಗ ನಿಲಯದಲ್ಲಿ ಕಾಳು ಮುಗಿದುಹೋಯಿತು. ಲಕ್ಷ್ಮೀಬಾಯಿ ಕೊರಳಲ್ಲಿ ಉಳಿದಿದ್ದ ಮಂಗಳಸೂತ್ರವನ್ನೇ ಕೊಟ್ಟು ಧಾನ್ಯ ತರಿಸಿ ಮಕ್ಕಳ ಹೊಟ್ಟೆ ತುಂಬಿಸಿದರು. ಗಂಡ ಬದುಕಿರುವಾಗ ಮಂಗಳಸೂತ್ರ ತೆಗೆಯುವುದು ಆ ಕಾಲದ ಸ್ತ್ರೀಗೆ ಬಂಗಾರದ ಬೆಲೆಯ ಮಾತಾಗಿರಲಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಮ್ಮಲ್ಲಿ ನಾಲ್ಕು ವಿಧದ ದಾನ ಹೇಳಿದ್ದಾರೆ. ಈ ದಂಪತಿಯ ಮನೆಯಲ್ಲಿ ನಾಲ್ಕೂ ಒಂದೇ ಸೂರಿನಡಿ ನಡೆದವು. ಲಕ್ಷ್ಮೀಬಾಯಿ 1930ರಲ್ಲಿ ತೀರಿಕೊಂಡರು. ಸಂಸ್ಥೆ ದೊಡ್ಡದಾಗಿ ಬೆಳೆದುದನ್ನು ಅವರು ನೋಡಲಿಲ್ಲ.

ದುಡಿಮೆಯೂ ಕಲಿಕೆಯೂ ಕೂಡಿ

ದಾನದ ಅನ್ನ ಉಂಡು ಓದಿದ ಹುಡುಗ ತಲೆ ತಗ್ಗಿಸಿ ಬದುಕುತ್ತಾನೆ, ದುಡಿದು ಉಂಡು ಓದಿದವನು ತಲೆ ಎತ್ತಿ ನಡೆಯುತ್ತಾನೆ ಎಂಬುದು ಅಣ್ಣಾ ಅವರ ನಂಬಿಕೆ. ಸ್ವಾವಲಂಬನೆಯ ಶಿಕ್ಷಣವನ್ನೇ ಸಂಸ್ಥೆಯ ಧ್ಯೇಯವಾಗಿ ಮಾಡಿದರು. ಇದು ಮರಾಠಿಯಲ್ಲಿ ಕಮವಾ ಆಣಿ ಶಿಕಾ, ಅಂದರೆ ಗಳಿಸು ಮತ್ತು ಕಲಿ ಎಂಬ ಯೋಜನೆಯಾಗಿ ಹೆಸರಾಯಿತು.

1940ರಲ್ಲಿ ಸಾತಾರಾದಲ್ಲಿ ಮಹಾರಾಜಾ ಸಯಾಜಿರಾವ ಹೈಸ್ಕೂಲು ಪ್ರಾರಂಭವಾಯಿತು. ವಿದ್ಯಾಭಿಮಾನಿಯಾಗಿದ್ದ ಬಡೋದೆಯ ಸಯಾಜಿರಾವ ಗಾಯಕವಾಡರ ಹೆಸರು ಅದಕ್ಕೆ ಇಡಲಾಯಿತು. ಫೀಸು ಇಲ್ಲ, ವಸತಿ ಅಲ್ಲಿಯೇ. ಹುಡುಗರು ದಿನದ ಒಂದು ಪಾಲನ್ನು ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ಕಳೆಯಬೇಕು, ಉಳಿದ ಹೊತ್ತು ತರಗತಿ. ಕಲ್ಲು ಒಡೆದು, ನೆಲ ಸಮ ಮಾಡಿ, ಬಂಜರು ಜಾಗದಲ್ಲಿ ಬೆಳೆ ತೆಗೆದರು. ಅವರು ಓದಿದ ಕೊಠಡಿಗಳ ಗೋಡೆಗಳಲ್ಲಿ ಅವರ ಬೆವರೂ ಇತ್ತು. ತಾನೇ ಕಟ್ಟಿದ ಗೋಡೆಯ ಮೇಲೆ ಯಾವ ಹುಡುಗನೂ ಗೀಚುವುದಿಲ್ಲ. ಶಿಸ್ತು ತರಲು ಬೆತ್ತಕ್ಕಿಂತ ಇದು ಹೆಚ್ಚು ಕೆಲಸ ಮಾಡಿತು.

ಇದೇ ಪದ್ಧತಿ ಕಾಲೇಜಿಗೂ ಬಂತು. 1947ರ ಜೂನಿನಲ್ಲಿ, ಸ್ವಾತಂತ್ರ್ಯ ಇನ್ನೇನು ಬರಲಿದೆ ಎನ್ನುವಾಗ, ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು ತೆರೆಯಿತು. ಒಬ್ಬ ಶ್ರೀಮಂತರು ದೊಡ್ಡ ಮೊತ್ತ ಕೊಡಲು ಮುಂದೆ ಬಂದು ಕಾಲೇಜಿನ ಹೆಸರು ಬದಲಿಸಬೇಕೆಂದು ಕೇಳಿದರಂತೆ. ಬೇಕಾದರೆ ತಮ್ಮ ತಂದೆಯ ಹೆಸರನ್ನು ಬದಲಿಸಿಕೊಂಡೇನು, ಶಿವಾಜಿ ಮಹಾರಾಜರ ಹೆಸರು ತೆಗೆಯಲಾರೆ ಎಂದು ಅಣ್ಣಾ ಹೇಳಿ ಕಳಿಸಿದರಂತೆ. ಸಂಸ್ಥೆಗೆ ಹಣದ ಅಡಚಣೆ ಇದ್ದ ಕಾಲದಲ್ಲಿ ಹೇಳಿದ ಮಾತೆಂದು ಇದನ್ನು ಇಂದಿಗೂ ಅಲ್ಲಿ ನೆನೆಯುತ್ತಾರೆ.

ಹಳ್ಳಿಗೆ ತಕ್ಕ ಶಾಲೆ, ಹಳ್ಳಿಗೆ ತಕ್ಕ ಮಾಸ್ತರ

ಪಟ್ಟಣದ ನಿಲಯಕ್ಕೆ ಹುಡುಗ ಬರಬೇಕಾದರೆ ಹಳ್ಳಿಯಲ್ಲಿ ಅಕ್ಷರ ಕಲಿತಿರಬೇಕು. ಆಗ ಬಹಳಷ್ಟು ಹಳ್ಳಿಗಳಲ್ಲಿ ಶಾಲೆಯೇ ಇರಲಿಲ್ಲ. ಅಣ್ಣಾ ಮೊದಲು ಶಿಕ್ಷಕರನ್ನು ತಯಾರಿಸಲು ಹೊರಟರು. 1935ರಲ್ಲಿ ಸಾತಾರಾದಲ್ಲಿ ಸಿಲ್ವರ್ ಜುಬಿಲಿ ರೂರಲ್ ಟ್ರೇನಿಂಗ್ ಕಾಲೇಜು ಪ್ರಾರಂಭಿಸಿದರು. ಹಳ್ಳಿಯಲ್ಲಿ ಹುಟ್ಟಿದ ಯುವಕರಿಗೆ ಪಾಠ ಹೇಳುವ ಕ್ರಮದ ಜೊತೆಗೆ ಮೈಮುರಿದು ದುಡಿಯುವುದನ್ನೂ ಅಲ್ಲಿ ಕಲಿಸಿದರು. ಪಟ್ಟಣದ ಮಾಸ್ತರ ಹಳ್ಳಿಗೆ ಹೋದರೆ ವರ್ಗಾವಣೆಯ ದಾರಿ ಕಾಯುತ್ತಾನೆ. ರೈತನ ಮಗನೇ ಮಾಸ್ತರನಾದರೆ ಅಲ್ಲೇ ಬೇರು ಬಿಡುತ್ತಾನೆ ಎಂಬ ಲೆಕ್ಕಾಚಾರ ಇದರ ಹಿಂದೆ ಇತ್ತು.

ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ ಖಾಸಗಿ ಪ್ರಾಥಮಿಕ ಶಾಲೆಗಳಿಗೆ ಸರಕಾರದ ಪ್ರೋತ್ಸಾಹ ಸಿಕ್ಕಿತು. ಅಣ್ಣಾ ಗುಡ್ಡಗಾಡಿನ ಸಣ್ಣ ಸಣ್ಣ ಊರುಗಳಲ್ಲೂ ಇಂಥ ಶಾಲೆ ತೆರೆಯುತ್ತ ಹೋದರು. ಕಟ್ಟಡಕ್ಕಾಗಿ ಕಾಯಲಿಲ್ಲ. ದೇವಸ್ಥಾನದ ಪಡಸಾಲೆ, ಊರ ಚಾವಡಿ, ಮರದ ನೆರಳು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ತರಗತಿ. ಒಬ್ಬ ಮಾಸ್ತರ, ಅವನ ಸುತ್ತ ಬೇರೆ ಬೇರೆ ವಯಸ್ಸಿನ ಮಕ್ಕಳು. ಹೀಗೆ ಐದುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ನಡೆದವು. ಕೆಲವು ವರ್ಷಗಳ ನಂತರ ಇವುಗಳನ್ನು ಜಿಲ್ಲೆಯ ಸ್ಕೂಲ್ ಬೋರ್ಡಿಗೆ ಒಪ್ಪಿಸಿ ಸಂಸ್ಥೆ ಹೈಸ್ಕೂಲುಗಳ ಕಡೆಗೆ ಗಮನ ಕೊಟ್ಟಿತು.

ಅನುದಾನ ನಿಂತಾಗ

1948ರಲ್ಲಿ ಗಾಂಧೀಜಿಯವರ ಹತ್ಯೆಯಾಯಿತು. ಅವರ ಹೆಸರಿನಲ್ಲಿ 101 ಹೈಸ್ಕೂಲುಗಳನ್ನು ತೆರೆಯುವುದಾಗಿ ಅಣ್ಣಾ ಸಂಕಲ್ಪ ಮಾಡಿದರು. ಅದೇ ಹೊತ್ತಿಗೆ ಸರಕಾರದ ಜೊತೆ ಮನಸ್ತಾಪ ಬಂತು. ಅಣ್ಣಾ ನೇರ ಮಾತಿನವರು. ಸರಕಾರದ ತಪ್ಪು ಕಂಡದ್ದನ್ನು ಸಭೆಯಲ್ಲೇ ಹೇಳುತ್ತಿದ್ದರು. ಮುಂಬಯಿ ಸರಕಾರ ಸಂಸ್ಥೆಯ ಅನುದಾನವನ್ನು ನಿಲ್ಲಿಸಿತು. ನೂರಾರು ಶಿಕ್ಷಕರು, ಸಾವಿರಾರು ಮಕ್ಕಳು ಇದ್ದ ಸಂಸ್ಥೆಗೆ ಇದು ಪ್ರಾಣದ ಪ್ರಶ್ನೆಯಾಯಿತು.

ಅಣ್ಣಾ ಶಾಲೆ ಮುಚ್ಚಲಿಲ್ಲ. ರೈತರ ಬಳಿಗೇ ಹೋದರು, ಜನ ಕೈಲಾದಷ್ಟು ಕೊಟ್ಟರು. ಸಂತ ಗಾಡಗೆ ಮಹಾರಾಜರು ಮುಖ್ಯಮಂತ್ರಿ ಬಾಳಾಸಾಹೇಬ ಖೇರರಿಗೆ ತಿಳಿಹೇಳಿದರು. ಕೊನೆಗೆ ಅನುದಾನ ಮತ್ತೆ ಪ್ರಾರಂಭವಾಯಿತು. 1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಅಣ್ಣಾ ಸದ್ಗುರು ಗಾಡಗೆ ಮಹಾರಾಜರ ಹೆಸರಿಟ್ಟರು. 1955ರಲ್ಲಿ ಸಾತಾರಾದಲ್ಲಿ ಹೈಸ್ಕೂಲು ಶಿಕ್ಷಕರ ತರಬೇತಿಗಾಗಿ ಆಜಾದ್ ಕಾಲೇಜು ಬಂತು.

ಕೊನೆಯ ದಿನಗಳು

1959ರ ಜನವರಿಯಲ್ಲಿ ಭಾರತ ಸರಕಾರ ಅಣ್ಣಾ ಅವರಿಗೆ ಪದ್ಮಭೂಷಣ ನೀಡಿತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಪದವಿ ಕೊಟ್ಟಿತು. ಮೆಟ್ರಿಕ್ ದಾಟದವರಿಗೆ ವಿಶ್ವವಿದ್ಯಾಲಯವೇ ಬಂದು ಗೌರವ ಸಲ್ಲಿಸಿದಂತಾಯಿತು. 1959ರ ಮೇ 9ರಂದು ಪುಣೆಯಲ್ಲಿ ಅವರು ದೇಹ ಬಿಟ್ಟರು. ಭಾರತೀಯ ಅಂಚೆ ಇಲಾಖೆ 1988ರಲ್ಲಿ ಅವರ ನೆನಪಿಗೆ ಅಂಚೆ ಚೀಟಿ ಹೊರತಂದಿದೆ. ಸಾತಾರಾದಲ್ಲಿ ಈಗ ಅವರ ಹೆಸರಿನ ವಿಶ್ವವಿದ್ಯಾಲಯವೂ ಇದೆ.

ಜಿನೇಶ್ವರರ ಸಮವಸರಣದಲ್ಲಿ ದೇವತೆ, ಮನುಷ್ಯ, ಪಶು, ಪಕ್ಷಿ ಎಲ್ಲಕ್ಕೂ ಕೂರುವ ಜಾಗವಿದೆ ಎಂದು ನಮ್ಮ ಮಕ್ಕಳಿಗೆ ನಾವು ಹೇಳುತ್ತೇವೆ. ಬಸದಿಯ ಗೋಡೆಯ ಚಿತ್ರದಲ್ಲೂ ತೋರಿಸುತ್ತೇವೆ. ಅದನ್ನು ವಿದ್ಯಾರ್ಥಿ ನಿಲಯದ ಊಟದ ಪಂಕ್ತಿಗೆ ತಂದವರು ಭಾವುರಾವ ಪಾಟೀಲರು. ಕರ್ನಾಟಕದ ಜೈನ ಸಮಾಜವೂ ಇಂದು ಅನೇಕ ಊರುಗಳಲ್ಲಿ ಶಾಲೆ, ಕಾಲೇಜು, ವಿದ್ಯಾರ್ಥಿ ನಿಲಯಗಳನ್ನು ನಡೆಸುತ್ತಿದೆ. ಕಟ್ಟಡಗಳು ಅಂದಿಗಿಂತ ಚೆನ್ನಾಗಿವೆ, ದಾನಿಗಳೂ ಇದ್ದಾರೆ. ಆ ನಿಲಯಗಳ ಊಟದ ಮನೆಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ತಟ್ಟೆಯನ್ನು ಯಾರು ತೊಳೆಯುತ್ತಾರೆ, ಫೀಸು ಕಟ್ಟಲಾಗದ ಮಗುವಿಗೆ ದುಡಿದು ಓದುವ ದಾರಿ ಇದೆಯೇ ಎಂಬುದನ್ನು ಸೆಪ್ಟೆಂಬರ್ 22ರ ಜಯಂತಿಯ ದಿನ ಆಡಳಿತ ಮಂಡಳಿಯವರು ಒಮ್ಮೆ ನೋಡಿದರೆ, ಮೂಡಬಿದಿರೆ ಮೂಲದ ಈ ಹಿರಿಯರಿಗೆ ಅದೇ ಸರಿಯಾದ ಗೌರವ.